ಬರೀ ಪ್ರಿಂಟಾ?

“ಒರಿಜಿನಲ್ಲೇ ಮೇಡಂ. ಒರಿಜಿನಲ್ ಪ್ರಿಂಟ್.”

ರಜೆಗೆ ಊರಿಗೆ ಬಂದಿದ್ದಾಗ ಮಡಿಕೇರಿಯ ಒಂದು ಕಲಾ ಪ್ರದರ್ಶನದಲ್ಲಿ ಸಿಕ್ಕ ಉತ್ತರ ಇದು. ನಾನು ಕೇಳಿದ್ದು ಇಷ್ಟೇ, ಇದು ಕೈಯಲ್ಲಿ ಬರೆದ ಚಿತ್ರವಾ, ಪ್ರಿಂಟಾ? ಎದುರಿಗೆ ದೊಡ್ಡ ಕ್ಯಾನ್ವಾಸ್. ರಾಜಾಸೀಟ್‌ನಿಂದ ಕಾಣುವ ಬೆಟ್ಟಸಾಲು, ಮಂಜು, ಚಿನ್ನದ ಬಣ್ಣದ ಫ್ರೇಮು. ಕೆಳಗಿನ ಚೀಟಿಯಲ್ಲಿ 18,000 ರೂಪಾಯಿ. ಹತ್ತಿರ ಹೋಗಿ ನೋಡಿದರೆ ಬ್ರಷ್ ಓಡಾಡಿದ ಕಡೆ ಬಣ್ಣ ಒಂಚೂರೂ ಉಬ್ಬಿಲ್ಲ. ಮಂಜಿಗೂ ಬೆಟ್ಟಕ್ಕೂ ಒಂದೇ ಹೊಳಪು. ಮೂಗು ತಾಗುವಷ್ಟು ಹತ್ತಿರ ಹೋದರೆ ಸಣ್ಣ ಸಣ್ಣ ಚುಕ್ಕಿಗಳು. ಯಾವುದೋ ಪೇಂಟಿಂಗಿನ ಫೋಟೋ ತೆಗೆದು, ಇಂಕ್‌ಜೆಟ್ ಮಷೀನಿನಲ್ಲಿ ಕ್ಯಾನ್ವಾಸ್ ಮೇಲೆ ಇಳಿಸಿದ ಪ್ರತಿ. ಇಂಥವು ಎಷ್ಟು ತೆಗೆದಿದ್ದಾರೆ, ಮೂಲಚಿತ್ರ ಎಲ್ಲಿದೆ, ಚೀಟಿಯಲ್ಲಿ ಒಂದಕ್ಷರ ಇಲ್ಲ.

ಅದರಿಂದ ಸ್ವಲ್ಪ ಆಚೆ, ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದ ಮೂಲೆಯಲ್ಲಿ, ನೋಟ್‌ಬುಕ್ಕಿನಷ್ಟೇ ದೊಡ್ಡ ಒಂದು ವುಡ್‌ಕಟ್ ಇತ್ತು. ಒಂಟಿ ಬಿದಿರಿನ ಏಣಿ ಹೆಗಲ ಮೇಲೆ ಹೊತ್ತು ಮೆಣಸು ಕೊಯ್ಯಲು ಹೊರಟ ಆಳು. ಬರೀ ಕಪ್ಪು ಬಿಳುಪು. ಕೆಳಗೆ ಎಡಕ್ಕೆ ಪೆನ್ಸಿಲ್ಲಿನಲ್ಲಿ 4/12, ಬಲಕ್ಕೆ ಸಹಿ. ಬೆಲೆ 2,500. ಮೈಸೂರಿನಲ್ಲಿ ಓದುತ್ತಿರುವ ಹುಡುಗಿಯದ್ದು. ಹಲಗೆಯಲ್ಲಿ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಕೆತ್ತಿ, ಮಸಿ ಹಚ್ಚಿ, ಒಂದೊಂದೇ ಹಾಳೆ ಒತ್ತಿ ತೆಗೆದದ್ದು. ನಾನು ಅಲ್ಲಿ ನಿಂತಿದ್ದಷ್ಟು ಹೊತ್ತೂ ಬಂದವರೆಲ್ಲ ಕೇಳಿದ್ದು ಒಂದೇ ಮಾತು. “ಇದು ಬರೀ ಪ್ರಿಂಟಾ?” ಹೌದು ಅಂದ ಕೂಡಲೇ ಮುಂದಕ್ಕೆ.

ನನಗೆ ಉರಿದದ್ದು ಇದಕ್ಕೆ. ಎಷ್ಟು ಪ್ರತಿ, ಅದರಲ್ಲಿ ಇದು ಎಷ್ಟನೆಯದು ಅಂತ ತಾನಾಗೇ ಬರೆದವಳು ನೀರಿನ ಕ್ಯಾನ್ ಪಕ್ಕ. ಏನೂ ಹೇಳದ ಮಂಜಿನ ಕ್ಯಾನ್ವಾಸ್ ಬಾಗಿಲಿಗೆ ಎದುರು, ಲೈಟಿನ ಕೆಳಗೆ.

ನಾನಿರುವುದು ಗುಜರಾತಿನ ವಡೋದರದಲ್ಲಿ, ಅಂದರೆ ಹಳೆಯ ಬರೋಡಾದಲ್ಲಿ. ಕಲಾವಿದೆ ಅಲ್ಲ, ಲೆಕ್ಕಪತ್ರ ನೋಡುವವಳು. ಆದರೆ ಆ ಊರಿನಲ್ಲಿದ್ದರೆ ಚಿತ್ರಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. 1950ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಫೈನ್ ಆರ್ಟ್ಸ್ ವಿಭಾಗ ಶುರುವಾಯಿತು. ಬೇಂದ್ರೆಯವರು ಅಲ್ಲಿ ಮೇಷ್ಟ್ರಾಗಿದ್ದರು (ನಮ್ಮ ಧಾರವಾಡದವರಲ್ಲ, ಇಂದೋರಿನ ಎನ್. ಎಸ್. ಬೇಂದ್ರೆ). ಎಚಿಂಗ್ (ತಗಡನ್ನು ಆಸಿಡ್ಡಿನಲ್ಲಿ ಕೊರೆದು ತೆಗೆಯುವ ಅಚ್ಚು), ಸ್ಕ್ರೀನ್ ಪ್ರಿಂಟ್ ಅಂದರೆ ಇಡೀ ದೇಶ ನೆನೆಯುವ ಜ್ಯೋತಿ ಭಟ್ ಅಲ್ಲಿಯವರು. ಚಿತ್ರಕಾರ ಕೆ. ಜಿ. ಸುಬ್ರಮಣ್ಯನ್ ಕೂಡ ಅಲ್ಲೇ ಬಾಳಿ 2016ರಲ್ಲಿ ಅಲ್ಲೇ ತೀರಿಕೊಂಡರು. ಅವರು ಹುಟ್ಟಿದ್ದು ಎಲ್ಲಿ ಗೊತ್ತಾ? ಕೂತುಪರಂಬದಲ್ಲಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಗೆ ಹೋಗುವಾಗ ಬಸ್ ನಿಲ್ಲುತ್ತಲ್ಲ, ಅದೇ ಕೂತುಪರಂಬ. ನಮ್ಮ ಬೆಟ್ಟದ ಬುಡದವರು ಅಷ್ಟು ದೂರ ಹೋಗಿ ಒಂದು ಊರಿಗೇ ಚಿತ್ರ ನೋಡುವುದನ್ನು ಕಲಿಸಿದರು, ನಾವು ಬೆಟ್ಟದ ಮೇಲೆ ಕೂತವರು ಇನ್ನೂ ಫ್ರೇಮ್ ನೋಡುತ್ತಿದ್ದೇವೆ.

ಅಲ್ಲಿ ಹತ್ತಾರು ಜನ ಸೇರಿ ಮಾಡುವ ಪ್ರದರ್ಶನಕ್ಕೆ ಹೋದರೆ ಪೇಂಟಿಂಗು, ಪ್ರಿಂಟು ಎರಡೂ ಅಕ್ಕಪಕ್ಕ ಇರುತ್ತವೆ. ಯಾರೂ ಒಂದನ್ನು ಅಸಲಿ, ಇನ್ನೊಂದನ್ನು ನಕಲಿ ಅನ್ನುವುದಿಲ್ಲ. ಚೀಟಿ ಓದಿದರೆ ಸಾಕು. ಎಚಿಂಗ್ ಮತ್ತು ಅಕ್ವಾಟಿಂಟ್ (ಗೆರೆಯ ಬದಲು ಛಾಯೆ ತರುವ ಎಚಿಂಗ್), ಜಿಂಕ್ ತಗಡು, 7/20, ಇಸವಿ, ಬೆಲೆ. ಇಪ್ಪತ್ತು ಪ್ರತಿ ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಕೆಡಿಸುತ್ತಾರೆ, ಇಪ್ಪತ್ತೊಂದನೆಯದು ಹುಟ್ಟಬಾರದು ಅಂತ. ಇಂಕ್‌ಜೆಟ್ ಆದರೆ ಇಂಕ್‌ಜೆಟ್ ಅಂತಲೇ ಬರೆದಿರುತ್ತಾರೆ, ನಾಚಿಕೆ ಏನಿಲ್ಲ. ಬೆಲೆ ಅದಕ್ಕೆ ತಕ್ಕ ಹಾಗೆ ಕಡಿಮೆ. ನಮ್ಮ ಬ್ಯಾಂಕಿನ ಕ್ಲರ್ಕ್ ಒಬ್ಬರು ಮಗಳ ಹುಟ್ಟುಹಬ್ಬಕ್ಕೆ ಒಂದು ಪುಟ್ಟ ಲಿಥೋ (ಕಲ್ಲಚ್ಚಿನ ಚಿತ್ರ) ಕೊಂಡಿದ್ದರು. ಕಂತಿನಲ್ಲಿ!

ನಮ್ಮ ಮೇಲಿನ ಮನೆಯ ಬೆನ್ (ಗುಜರಾತಿಯಲ್ಲಿ ಅಕ್ಕ) ಒಬ್ಬರು ಎಚಿಂಗ್ ಮಾಡುತ್ತಾರೆ. ಒಂದು ಭಾನುವಾರ ತಮ್ಮ ಕೆಲಸದ ಕೋಣೆಗೆ ಕರೆದುಕೊಂಡು ಹೋದರು. ಜಿಂಕ್ ತಗಡಿನ ಮೇಲೆ ಮೇಣದಂಥದ್ದನ್ನು ಬಳಿದು, ಸೂಜಿಯಲ್ಲಿ ಗೀರುತ್ತಾರೆ. ನೈಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ಆಸಿಡ್ ತಿನ್ನುತ್ತದೆ, ಗೆರೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅವರು ಆ ಗುಳ್ಳೆಗಳನ್ನು ಕೋಳಿಯ ಗರಿಯಿಂದ ಮೆಲ್ಲಗೆ ಸವರುತ್ತಾ ಇದ್ದರು. ಆಮೇಲೆ ಮೇಣ ತೆಗೆದು ಇಡೀ ತಗಡಿಗೆ ಮಸಿ ಮೆತ್ತಿ, ಬಟ್ಟೆಯಲ್ಲಿ ಒರೆಸಿ, ಕೊನೆಗೆ ಬರೀ ಅಂಗೈಯಲ್ಲಿ ಒರೆಸಿದರು. ಗೆರೆಯೊಳಗಿನ ಮಸಿ ಮಾತ್ರ ಉಳಿಯಬೇಕು. ಅದರ ಮೇಲೆ ಒದ್ದೆ ಕಾಗದ, ಅದರ ಮೇಲೆ ಕಂಬಳಿ, ಆಮೇಲೆ ಪ್ರೆಸ್ಸಿನ ದೊಡ್ಡ ಚಕ್ರ ತಿರುಗಿಸುವುದು. ಕಾಗದ ಎತ್ತಿದಾಗ ತಗಡಿನ ಅಂಚು ಕಾಗದದಲ್ಲಿ ಒತ್ತಿಕೊಂಡು ಸುತ್ತಲೂ ಒಂದು ತಗ್ಗು ಕೂತಿತ್ತು. ಬೆರಳಾಡಿಸಿದರೆ ತಿಳಿಯುತ್ತದೆ. ಮತ್ತೆ ಮಸಿ ಮೆತ್ತುವುದರಿಂದ ಶುರು. ಪ್ರತಿ ಹಾಳೆಗೂ ಅಷ್ಟೇ ಕೆಲಸ. ಇದನ್ನೇ ನಮ್ಮ ಜನ ಬರೀ ಪ್ರಿಂಟಾ ಅಂದು ಮುಂದಕ್ಕೆ ಹೋಗುವುದು.

ಪ್ರತಿಯ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಬೆಳೆದದ್ದೇ ಪ್ರತಿಗಳನ್ನು ನೋಡಿ. ಸೋಮವಾರಪೇಟೆಯ ನಮ್ಮ ಅಜ್ಜಿಮನೆಯ ದೇವರಕೋಣೆಯಲ್ಲಿ ಲಕ್ಷ್ಮಿ, ಸರಸ್ವತಿ ಇಬ್ಬರೂ ರವಿವರ್ಮನ ಪ್ರೆಸ್ಸಿನ ಅಚ್ಚುಗಳು, ಅಂಚು ಕಂದಿ, ಕುಂಕುಮ ಹತ್ತಿ. ಅವನು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ. ಅದಕ್ಕೂ ಎಷ್ಟೋ ಮೊದಲೇ ಹೀಗೆ ಅಚ್ಚು ಹಾಕಿಸು, ಜನರಿಗೆ ಸಿಗಲಿ ಅಂತ ಅವನಿಗೆ ಕಾಗದ ಬರೆದವರು ದಿವಾನ್ ಮಾಧವರಾಯರು, ಬರೋಡಾದಲ್ಲೂ ದಿವಾನರಾಗಿದ್ದವರು. ಈಗ ವಡೋದರದ ಅರಮನೆ ಮ್ಯೂಸಿಯಮ್ಮಿಗೆ ಹೋದರೆ ರವಿವರ್ಮನ ಕೈಯಲ್ಲೇ ಆದ ದೊಡ್ಡ ತೈಲಚಿತ್ರಗಳು ಸಾಲಾಗಿವೆ. ನೋಡಿದಾಗ ಚೆನ್ನಾಗಿದೆ ಅನಿಸಿತು. ಕೈ ಮುಗಿಯಬೇಕು ಅನಿಸಿದ್ದು ಮಾತ್ರ ಅಜ್ಜಿಮನೆಯ ಅಚ್ಚಿಗೆ.

ಗೌರಮ್ಮನ ಚಿತ್ರವನ್ನೇ ತೆಗೆದುಕೊಳ್ಳಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು, 1852ರಲ್ಲಿ ಅಪ್ಪನ ಜೊತೆ ಲಂಡನ್ನಿಗೆ ಹೋದವಳು, ವಿಕ್ಟೋರಿಯಾ ರಾಣಿಯೇ ನಿಂತು ಕ್ರೈಸ್ತಳಾಗಿಸಿದ ಹುಡುಗಿ. ಅದೇ ವರ್ಷ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಅವಳ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಕೊಡಗಿನ ನಮ್ಮ ಪಾಲಿಗೆ ಬಂದದ್ದು ಪುಸ್ತಕದಲ್ಲಿ, ಫೋನಿನಲ್ಲಿ ಕಾಣುವ ಅದರ ಪ್ರತಿ. ಆ ಪ್ರತಿ ಇಲ್ಲದಿದ್ದರೆ ಅವಳ ಮುಖವೇ ನಮಗೆ ಗೊತ್ತಿರುತ್ತಿರಲಿಲ್ಲ. ಆದರೆ ಅದನ್ನು ಯಾರೂ ನಮಗೆ ಮೂಲ ಅಂತ ಹೇಳಿ ಮಾರುತ್ತಿಲ್ಲ, ಅಲ್ವಾ?

ಚೀಟಿಯಲ್ಲಿ ಹೇಳಿಬಿಡಿ ಅಷ್ಟೇ. ನಮ್ಮವರಿಗೆ ಇದು ಹೊಸದೇನಲ್ಲ. ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಅಂತ ಕೇಳದೆ ಕೊಡಗಿನಲ್ಲಿ ಯಾರು ಪುಡಿ ಕಟ್ಟಿಸುತ್ತಾರೆ? ಪ್ಯಾಕೆಟ್ ಮೇಲೂ ಬರೆಯಲೇಬೇಕು, ಕಾಯಿದೆಯೇ ಇದೆ, ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರುವ ಹಾಗಿಲ್ಲ ಅಂತ. ಇನ್ನೂರು ಗ್ರಾಂ ಪುಡಿಗೆ ಇಷ್ಟು ವಿಚಾರಣೆ ಮಾಡುವವರು 18,000ದ ಚಿತ್ರದ ಮುಂದೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಕೇಳಿದರೆ ಎಲ್ಲಿ ದಡ್ಡರಾಗುತ್ತೇವೋ ಅನ್ನುವ ಸಂಕೋಚ.

ಕೇಳಲು ಪುರುಸೊತ್ತೂ ಇರಲಿಲ್ಲ ಬಿಡಿ. ಉದ್ಘಾಟನೆಯೇ ಮಧ್ಯಾಹ್ನದವರೆಗೆ ಹೋಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ವೇದಿಕೆ ಮೇಲಿದ್ದ ಎಲ್ಲರ ಎರಡು ಮಾತು, ಅದರಲ್ಲಿ ಒಬ್ಬರು ಕಲೆ ಅಂದರೆ ಏನು ಅಂತ ಶುರು ಮಾಡಿ ರಸ್ತೆ ಗುಂಡಿಗೆ ಬಂದು ನಿಲ್ಲಿಸಿದರು. ಕಲಾವಿದರಿಗೆ ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ಆ ವುಡ್‌ಕಟ್ ಹುಡುಗಿಗೂ ಶಾಲು ಹೊದಿಸಿದರು. ಪಾಪ, ಅವಳ ಚಿತ್ರವನ್ನು ಆ ಹೊತ್ತಿಗೆ ಯಾರೂ ಕೊಂಡಿರಲಿಲ್ಲ. ವಡೋದರದಲ್ಲಿ ಉದ್ಘಾಟನೆ ಅಂದರೆ ಬಾಗಿಲು ತೆರೆಯುವುದು ಅಷ್ಟೇ. ಬೇರೆ ಊರುಗಳಲ್ಲಿ ವೈನ್ ಕೊಡುತ್ತಾರಂತೆ, ಗುಜರಾತಿನಲ್ಲಿ ಪಾನನಿಷೇಧ, ಹಾಗಾಗಿ ಚಹಾ, ಖಾಖ್ರಾ. ಮಾತಿಲ್ಲ, ಮೈಕಿಲ್ಲ. ನೇರ ಚಿತ್ರದ ಮುಂದೆ.

ಇಷ್ಟೆಲ್ಲ ಅಂದ ಮೇಲೆ ಒಂದನ್ನು ಒಪ್ಪಲೇಬೇಕು. ವಡೋದರದಲ್ಲಿ ಚಿತ್ರದ ಮುಂದೆ ನಿಲ್ಲುವವರು ಬಹುಪಾಲು ಚಿತ್ರ ಬರೆಯುವವರೇ. ತಲೆ ಓರೆ ಮಾಡಿ ನೋಡುತ್ತಾರೆ, ಹ್ಞೂಂ ಅನ್ನುತ್ತಾರೆ, ಹೋಗುತ್ತಾರೆ. ಚಿತ್ರದ ಜೊತೆ ಯಾರಾದರೂ ಜಗಳ ಆಡಿದ್ದನ್ನು ನಾನು ಅಲ್ಲಿ ನೋಡಿಲ್ಲ. ಮಡಿಕೇರಿಯಲ್ಲಿ ನೋಡಿದೆ.

ಒಂದು ಅಕ್ರಿಲಿಕ್ ಪೇಂಟಿಂಗ್. ರೋಬಸ್ಟಾ ಕಾಫಿ ಗಿಡ, ರೆಂಬೆ ತುಂಬ ಕೆಂಪು ಹಣ್ಣು, ಅದೇ ರೆಂಬೆಯಲ್ಲಿ ಬಿಳಿ ಹೂವು. ಹಿರಿಯ ಬೆಳೆಗಾರರೊಬ್ಬರು ನಿಂತು, ಕನ್ನಡಕ ಮೇಲೆ ಮಾಡಿ, “ಇದು ತಪ್ಪು. ಹಣ್ಣು ಕೊಯ್ದಾದ ಮೇಲೆ ತಾನೇ ಹೂಮಳೆ, ಆಮೇಲೆ ತಾನೇ ಹೂ?” ಅಂದರು. ಪಕ್ಕದಲ್ಲಿದ್ದ ನಮ್ಮ ಅತ್ತಿಗೆ ಸುಮ್ಮನಿರುತ್ತಾರಾ? “ನೀವು ಯಾವ ಕಾಲದ ಮಾತು ಆಡ್ತಿದ್ದೀರಿ ಅಣ್ಣ? ಜನವರಿಯಲ್ಲೇ ಮಳೆ ಬಂದು ಹಣ್ಣು ಗಿಡದಲ್ಲಿರುವಾಗಲೇ ಹೂ ಬಿಡ್ತಿಲ್ವಾ? ಕೊಯ್ಯೋಕೆ ಹೋದ್ರೆ ಹೂ ಉದುರುತ್ತೆ, ಬಿಟ್ರೆ ಹಣ್ಣು ಉದುರುತ್ತೆ. ನಮ್ಮ ತೋಟದಲ್ಲಿ ಹಾಗೇ ಆಗಿದ್ದು.” ಇನ್ನಿಬ್ಬರು ಸೇರಿಕೊಂಡರು. ಸುಂಟಿಕೊಪ್ಪ ಕಡೆ ಹೇಗೆ, ಸಿದ್ದಾಪುರ ಕಡೆ ಹೇಗೆ, ಸ್ಪ್ರಿಂಕ್ಲರ್ ಹಾಕಿದವರ ಕಥೆ ಏನು. ಒಬ್ಬರು ಕ್ಯಾನ್ವಾಸಿಗೆ ಬೆರಳು ತಾಗಿಸಿ ಹೂವಿನ ಗಂಟುಗಳನ್ನು ಎಣಿಸಿಯೇ ಬಿಟ್ಟರು (ಮುಟ್ಟಬೇಡಿ ಅನ್ನುವ ಬೋರ್ಡಿನ ಕೆಳಗೇ). ಬರೆದ ಹುಡುಗ ಹಿಂದೆ ನಿಂತು ಬಾಯಿ ಬಿಟ್ಟು ಕೇಳುತ್ತಿದ್ದ. ಅವನಿಗೆ ಅಷ್ಟು ಗಂಭೀರವಾದ ವಿಮರ್ಶೆ ಯಾವ ಗ್ಯಾಲರಿಯಲ್ಲಿ ಸಿಗಬೇಕು?

ಇನ್ನೊಂದು ಮಾತು ಕೂಡ ಅತ್ತಿಗೆಯದ್ದೇ, ಇದನ್ನು ಒಪ್ಪಲು ನನಗೆ ಮನಸ್ಸಿಲ್ಲ. ವುಡ್‌ಕಟ್ ಕೊಳ್ಳೋಣ ಅಂತ ನಾನು ಹಟ ಹಿಡಿದಾಗ ಅವರು ಅಂದರು, “ನಿನ್ನ ಗುಜರಾತಿನಲ್ಲಿ ಕಾಗದ ಉಳಿಯುತ್ತೆ ಮಾರಾಯ್ತಿ. ಇಲ್ಲಿ ಜೂನ್ ಬಂದ್ರೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ನಿಮ್ಮಣ್ಣನ ಡಿಗ್ರಿ ಸರ್ಟಿಫಿಕೇಟ್ ಏನಾಯ್ತು ಗೊತ್ತಲ್ಲ?” ಗೊತ್ತು. ಗಾಜಿನೊಳಗೇ ಹಳದಿ ಚುಕ್ಕೆ ಬಿದ್ದು, ಅಂಚು ಅಲೆ ಅಲೆಯಾಗಿ ಎದ್ದಿತ್ತು. ಆ ಇಂಕ್‌ಜೆಟ್ ಕ್ಯಾನ್ವಾಸ್ ಮೇಲೆ ವಾರ್ನಿಷ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಹೋಂಸ್ಟೇ ನಡೆಸುವವರು ಅದನ್ನೇ ಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮೌಂಟ್ (ಸುತ್ತ ದಪ್ಪ ರಟ್ಟು) ಹಾಕಿ ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಟ್ಟು, ಮಳೆ ಬೀಳುವ ಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿದರೆ ಕಾಗದವೂ ಬಾಳುತ್ತದೆ ಅಂದೆ. “ಒಳಗೋಡೆ ಅಂದ್ರೆ ಒಲೆ ಇರೋ ಗೋಡೆ” ಅಂದರು ಅತ್ತಿಗೆ.

ವುಡ್‌ಕಟ್ ಕೊಂಡೆ. ಅದು ನನ್ನ ಜೊತೆ ವಡೋದರಕ್ಕೇ ಬಂತು, ಕೊಡಗಿನಲ್ಲಿ ಉಳಿಯಲಿಲ್ಲ ಅನ್ನುವುದು ಸ್ವಲ್ಪ ಚುಚ್ಚುತ್ತದೆ. ದುಡ್ಡು ಕೊಡುವಾಗ ಆ ಹುಡುಗಿಗೆ ಹೇಳಿದೆ, ಮುಂದಿನ ಸಲ ಶೋ ಇದ್ದರೆ ಹಲಗೆ, ಉಳಿ, ಮಸಿ ತಂದು ಜನರ ಎದುರೇ ಒಂದು ಹಾಳೆ ಒತ್ತಿ ತೋರಿಸು ಅಂತ. ವುಡ್‌ಕಟ್ಟಿಗೆ ಪ್ರೆಸ್ಸೂ ಬೇಕಿಲ್ಲ, ಚಮಚದ ಬೆನ್ನಿನಲ್ಲಿ ಉಜ್ಜಿದರೂ ಆಗುತ್ತದೆ, ಕರೆಂಟ್ ಹೋದರೂ ನಡೆಯುತ್ತದೆ. ಅವಳು ನಕ್ಕಳು. ಆಯೋಜಕರನ್ನು ಕೇಳಿದ್ದಳಂತೆ. ಮಸಿ ಚೆಲ್ಲಿ ನೆಲ ಹಾಳಾಗುತ್ತೆ, ಬೇಡ ಅಂದರಂತೆ.