ಹಳದಿ ಗೆರೆಯ ಆಚೆ ಬದಿ

ದಾವಣಗೆರೆಯ ಒಂದು ಕಾಲೇಜಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಹಳದಿ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಬೋರ್ಡು: ‘ತಂಬಾಕು ಮುಕ್ತ ವಲಯ’. ಬೋರ್ಡಿನ ಕಂಬಕ್ಕೆ ಒರಗಿಕೊಂಡು ಒಂದು ಗೂಡಂಗಡಿ. ಅದರ ಎರಡು ಕಾಲು ಗೆರೆಯ ಆಚೆ. ಉಳಿದ ಎರಡೂ ಆಚೆಯೇ. ಅಂಗಡಿಯಣ್ಣ ಕಾನೂನಿಗೆ ಹೆದರುವ ಮನುಷ್ಯ. ಗೆರೆಯಿಂದ ಈಚೆಗೆ ಒಂದು ಬೆಂಕಿಪೊಟ್ಟಣ ಕೂಡ ಇಡುವುದಿಲ್ಲ.

ಮೊದಲು ಈ ಅಂಗಡಿ ಕಾಲೇಜು ಗೇಟಿನ ಎದುರಿಗೇ ಇತ್ತು. ಒಂದು ದಿನ ಜೀಪಿನಲ್ಲಿ ನಾಲ್ಕು ಜನ ಬಂದರು. ಕೈಯಲ್ಲಿ ಟೇಪು. ಬಂದವರು ಮೊದಲು ಚಹಾ ಕುಡಿದರು, ಆಮೇಲೆ ಜಗಳಕ್ಕೆ ನಿಂತರು. ಅಳೆಯುವುದು ಗೇಟಿನಿಂದಲೋ, ಕಾಂಪೌಂಡಿನಿಂದಲೋ? ನೂರು ಗಜವೋ, ನೂರು ಮೀಟರೋ? ಜಗಳಕ್ಕೆ ಕಾರಣ ಇಲ್ಲದೆ ಇಲ್ಲ. ಶಾಲೆ ಕಾಲೇಜಿನಿಂದ ಇಷ್ಟು ದೂರದೊಳಗೆ ಬೀಡಿ ಸಿಗರೇಟು ಮಾರಬಾರದು ಅಂತ 2003ರ ಕೇಂದ್ರ ಕಾಯ್ದೆ ಹೇಳುವುದು ನೂರು ಗಜ. ನಮ್ಮ ರಾಜ್ಯ 2024ರಲ್ಲಿ ತಿದ್ದುಪಡಿ ಪಾಸು ಮಾಡಿತು, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ಗಜ ಹೋಗಿ ಮೀಟರಾಯಿತು. ಲೆಕ್ಕ ಹಾಕಿದರೆ ಎಂಟೂವರೆ ಮೀಟರು ಜಾಸ್ತಿ. ಆ ಎಂಟೂವರೆ ಮೀಟರಿನಲ್ಲಿ ನಮ್ಮ ಮಂಡಕ್ಕಿ-ಮಿರ್ಚಿ ಗಾಡಿಯವನು ನಿಂತಿದ್ದ. ಪಾಪ, ಅವನಿಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ ಗಾಡಿ ತಳ್ಳಿಕೊಂಡು ಓಡಿದ. ಟೇಪು ಕಂಡರೆ ಓಡುವುದು ಗಾಡಿಯವರ ಹುಟ್ಟುಗುಣ.

ಟೇಪಿನ ಇನ್ನೊಂದು ತುದಿ ಹಿಡಿಯಲು ಆಳು ಸಾಲಲಿಲ್ಲ. ಒಬ್ಬರು ಬರೆದುಕೊಳ್ಳಬೇಕು, ಒಬ್ಬರು ಫೋಟೋ ತೆಗೆಯಬೇಕು, ಒಬ್ಬರು ನೋಡಬೇಕು. ಕೊನೆಗೆ ಅಂಗಡಿಯಣ್ಣನನ್ನೇ ಕರೆದರು. ಆತ ತನ್ನ ಅಂಗಡಿ ಎಲ್ಲಿಗೆ ಎತ್ತಿಡಬೇಕು ಅಂತ ತಾನೇ ಟೇಪು ಹಿಡಿದು ಹೊರಟ.

“ನಷ್ಟ ಆಯ್ತಾ ಅಣ್ಣಾ?” ಅಂತ ಕೇಳಿದೆ, ಎರಡು ವಾರ ಬಿಟ್ಟು.

“ಎಲ್ಲಿ ನಷ್ಟ ಸಾರ್! ಗೇಟಿನ ಮುಂದಿದ್ದಾಗ ಮೇಷ್ಟ್ರು ನೋಡ್ತಾರಂತ ಹುಡುಗ್ರು ಹೆದರ್ತಿದ್ರು. ಈಗ ಆರಾಮ ಬಂದು ನಿಲ್ತಾರೆ. ಅವತ್ತು ಟೇಪು ತಂದಿದ್ರಲ್ಲ, ಅವ್ರಿಗೆ ದೇವ್ರು ಒಳ್ಳೇದು ಮಾಡ್ಲಿ.”

ಅಳತೆ ಅಂದರೆ ನಮಗೆ ಮೊದಲಿಂದಲೂ ಪ್ರೀತಿ. ಸಿಗರೇಟಿನ ತೆರಿಗೆಯನ್ನೇ ನೋಡಿ. ಅದನ್ನು ಹಾಕುವುದು ಸ್ಕೇಲು ಇಟ್ಟು. 65 ಮಿಲಿಮೀಟರ್ ಒಳಗಿದ್ದರೆ ಒಂದು ದರ, 70 ತನಕ ಇನ್ನೊಂದು, 75 ತನಕ ಮತ್ತೊಂದು. ಗಿಡ್ಡನಿಗೆ ಕಡಿಮೆ, ಉದ್ದನೆಯವನಿಗೆ ಜಾಸ್ತಿ. ಕಂಪನಿಯವರೂ ಸ್ಕೇಲು ಇಟ್ಟುಕೊಂಡೇ ಕೂತರು. 64 ಮಿಲಿಮೀಟರಿನದು ತಯಾರಾಯಿತು. ಉದ್ದದ್ದು ತುಟ್ಟಿಯಾದರೆ ಜನ ಬಿಡುವುದಿಲ್ಲ, ಗಿಡ್ಡದಕ್ಕೆ ಇಳಿಯುತ್ತಾರೆ, ಅಷ್ಟೇ. ಶ್ವಾಸಕೋಶಕ್ಕೆ ಸ್ಕೇಲಿನ ವಿಷಯ ಯಾರೂ ತಿಳಿಸಿಲ್ಲ.

ಪ್ಯಾಕಿನ ಮೇಲಿನ ಚಿತ್ರಕ್ಕೂ ಅಳತೆ ಇದೆ. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85 ಭಾಗ ಎಚ್ಚರಿಕೆ ಇರಬೇಕು. ಇದಕ್ಕೆ ನಡೆದ ಕೋರ್ಟು ಕಚೇರಿ ಸಣ್ಣದಲ್ಲ. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ಆ ನಿಯಮ ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಇಷ್ಟೆಲ್ಲಾ ಆಗಿ ಉಳಿದ ಚಿತ್ರವನ್ನು ನಮ್ಮ ಗೂಡಂಗಡಿಯಲ್ಲಿ ಯಾರು ನೋಡುತ್ತಾರೆ ಅಂತ ಒಂದು ಸಂಜೆ ಕೂತು ಗಮನಿಸಿದೆ.

ಹುಡುಗ ಬಂದ. ಎರಡು ಬೆರಳು ತೋರಿಸಿದ. ಅಂಗಡಿಯಣ್ಣ ಮಣೆ ಕೆಳಗಿಂದ ಪ್ಯಾಕು ತೆಗೆದ, ಹೆಬ್ಬೆರಳಿನಿಂದ ಮುಚ್ಚಳ ಎತ್ತಿದ, ಎರಡು ಕೊಟ್ಟ, ಪ್ಯಾಕನ್ನು ಮತ್ತೆ ಕೆಳಗಿಟ್ಟ. ಹುಡುಗ ಫೋನಿನಲ್ಲಿ ದುಡ್ಡು ಹಾಕಿದ. ಕಂಬಕ್ಕೆ ಕಟ್ಟಿದ ಲೈಟರ್ ಎಳೆದು ಹಚ್ಚಿಕೊಂಡ. ಹಂಗೇ ಒಬ್ಬೊಬ್ಬರಾಗಿ ಹತ್ತು ಹನ್ನೆರಡು ಜನ. ಇಡೀ ಪ್ಯಾಕು ಕೊಂಡವರು ಒಬ್ಬರೂ ಇಲ್ಲ. ಆ ಭಯಂಕರ ಚಿತ್ರವನ್ನು ದಿನಕ್ಕೆ ನೂರು ಸಲ ನೋಡುವವನು ಒಬ್ಬನೇ. ಅದು ಅಂಗಡಿಯಣ್ಣ. ಆತ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ನಮ್ಮ ಎಚ್ಚರಿಕೆ ಅಷ್ಟೊಂದು ಪರಿಣಾಮಕಾರಿ.

ಹಾಗೆ ಬಿಡಿಬಿಡಿಯಾಗಿ ಮಾರುವುದನ್ನು ಗಜವನ್ನು ಮೀಟರ್ ಮಾಡಿದ ನಮ್ಮ ರಾಜ್ಯದ ಅದೇ ತಿದ್ದುಪಡಿ ನಿಷೇಧಿಸಿದೆ. 21 ವರ್ಷ ತುಂಬದವರಿಗೆ ಮಾರುವುದನ್ನೂ. “ವಯಸ್ಸು ಹೆಂಗೆ ನೋಡ್ತೀಯಾ ಅಣ್ಣಾ?” ಅಂದೆ. “ಮೀಸೆ ನೋಡ್ತೀನ್ರಿ” ಅಂದ. “ಮೀಸೆ ಇಲ್ದಿದ್ರೆ?” “ಬೈಕ್ ನೋಡ್ತೀನಿ.”

ಅಗಿಯುವವರ ಕತೆ ಇನ್ನೂ ಚೆಂದ. 2016-17ರ ದೇಶವ್ಯಾಪಿ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಪುಡಿಗೆ ತಂಬಾಕು ಬೆರೆಸಿ ಒಂದೇ ಪ್ಯಾಕೆಟ್ಟಿನಲ್ಲಿ ಮಾರಬಾರದು. ಸರಿ, ಯಾರೂ ಬೆರೆಸುತ್ತಿಲ್ಲ. ಪಾನ್ ಮಸಾಲ ಒಂದು ಮಾಲೆ, ತಂಬಾಕು ಇನ್ನೊಂದು ಮಾಲೆ. ಅಕ್ಕಪಕ್ಕ ನೇತಾಡುತ್ತವೆ. ಕಾನೂನಿನ ಕಣ್ಣಿಗೆ ಒಬ್ಬರಿಗೊಬ್ಬರು ಗುರುತೇ ಇಲ್ಲದವರು. ಗಿರಾಕಿ ಎರಡನ್ನೂ ಹರಿದು ಅಂಗೈಗೆ ಸುರಿದ ಕೂಡಲೇ ಅಲ್ಲೇ ಮದುವೆ, ಅಲ್ಲೇ ಆರತಕ್ಷತೆ. ಮೊದಲು ಕಂಪನಿ ಮಾಡುತ್ತಿದ್ದ ಕೆಲಸವನ್ನು ಈಗ ಗಿರಾಕಿ ಕೂಲಿಯಿಲ್ಲದೆ ಮಾಡುತ್ತಾನೆ.

ಇಷ್ಟು ಅಳೆದವರು ಒಂದನ್ನು ಮಾತ್ರ ಅಳೆಯಲಿಲ್ಲ. ಹುಡುಗನ ಜೇಬು.

ಅದರ ಅಳತೆ ಬಲ್ಲವನು ಅಂಗಡಿಯಣ್ಣ. ಓದಿದ್ದು ಏಳನೇ ಕ್ಲಾಸು. ಆತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಒಂದು ರೂಪಾಯಿ ಏರಿದ್ರೆ ಹಳೇ ಗಿರಾಕಿ ಬೈತಾನೆ, ತಗಂತಾನೆ. ಹುಡುಗ್ರು ಇಬ್ರು ಸೇರಿ ಒಂದು ತಗಂತಾರೆ. ಒಮ್ಮೆಗೇ ಐದು ರೂಪಾಯಿ ಏರಿದ್ರೆ ಹುಡುಗ್ರು ಆ ಕಡೆ ಮಂಡಕ್ಕಿ ತಿಂದು ಹೋಗ್ತಾರೆ. ಆಮೇಲೆ ವಾರ ಆದ್ರೂ ಕೆಲವ್ರು ಬರಂಗೇ ಇಲ್ಲ.”

ಲೋಕದ ಅರ್ಥಶಾಸ್ತ್ರಜ್ಞರು ದಶಕಗಟ್ಟಲೆ ಲೆಕ್ಕ ಹಾಕಿ ಇದನ್ನೇ ಹೇಳಿದ್ದಾರೆ. ಬೆಲೆ ಶೇ 10 ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ಸುಮಾರು ಶೇ 4 ಇಳಿಯುತ್ತದೆ, ನಮ್ಮಂಥ ದೇಶಗಳಲ್ಲಿ ಸುಮಾರು ಶೇ 5. ಮೊದಲು ಬಿಡುವವರು ಚಿಕ್ಕ ವಯಸ್ಸಿನವರು, ಬಡವರು. ಚಿಲ್ಲರೆ ದರದಲ್ಲಿ ಕನಿಷ್ಠ ಶೇ 75ರಷ್ಟು ತೆರಿಗೆಯೇ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬರೀ ದರ ಏರಿದರೆ ಸಾಲದು, ಅದು ಜನರ ಕೂಲಿ, ಸಂಬಳಗಳಿಗಿಂತ ಬೇಗ ಏರಬೇಕು ಅಂತಲೂ ಹೇಳುತ್ತಾರೆ. ಇದು ನಮ್ಮೂರಿನವರಿಗೆ ಸುಲಭವಾಗಿ ಅರ್ಥವಾಗುತ್ತೆ. ನಾನು ಕಾಲೇಜಿಗೆ ಹೋಗುವಾಗ ಒಂದು ಬೆಣ್ಣೆ ದೋಸೆ ದುಡ್ಡಿಗೆ ಬೀಡಿ ಕಟ್ಟು ಒಂದೋ ಎರಡೋ ಬರುತ್ತಿತ್ತು. ಈಗ ಅದೇ ದೋಸೆ ಬಿಟ್ಟರೆ ಒಬ್ಬ ಮನುಷ್ಯ ಎರಡು ಮೂರು ದಿನ ಆರಾಮಾಗಿ ಸೇದಬಹುದು. ತಿನ್ನೋದು ತುಟ್ಟಿ, ಸೇದೋದು ಅಗ್ಗ.

ಹಾಗಾದರೆ ಬೀಡಿ ತೆರಿಗೆ ಏರಿತಾ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಕೂತು ತೀರ್ಮಾನ ಮಾಡಿತು. ಸಿಗರೇಟು, ಗುಟ್ಕಾ, ಪಾನ್ ಮಸಾಲ ಶೇ 40ಕ್ಕೆ. ಬೀಡಿ ಶೇ 28ರಿಂದ ಶೇ 18ಕ್ಕೆ. ಸುತ್ತುವ ಎಲೆ ಶೇ 18ರಿಂದ 5ಕ್ಕೆ. ಅಂದರೆ ನೂರು ರೂಪಾಯಿ ಬೀಡಿಯಲ್ಲಿ ಮೊದಲು 22 ರೂಪಾಯಿ ತೆರಿಗೆಯಿದ್ದರೆ, ಈಗಿನ ಲೆಕ್ಕದಲ್ಲಿ ಹದಿನೈದು. 75ರ ಕಡೆಗೆ ಹೊರಟ ಬಸ್ಸು ರಿವರ್ಸಿನಲ್ಲಿ ಬರುತ್ತಿದೆ. ಕಾರಣ ಕೇಳಿದರೆ ಬೀಡಿ ಕಟ್ಟುವ ಬಡ ಹೆಂಗಸರ ಮೇಲಿನ ಕನಿಕರ. ಕನಿಕರ ಇರಲಿ, ಬೇಡ ಅಂದವರಾರು? ಮನೆ ಬಾಗಿಲಲ್ಲಿ ಮೊರ ಇಟ್ಟುಕೊಂಡು, ದಿನವಿಡೀ ತಂಬಾಕಿನ ಧೂಳು ಕುಡಿದು, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಎಣಿಸುವವರು ಅವರು. ಕನಿಕರ ಆ ಕೂಲಿಗೆ ಹೋಗಬಹುದಿತ್ತು. ದಾರಿ ತಪ್ಪಿ ಹೊಗೆಗೆ ಹೋಯಿತು.

ಪಾನ್ ಮಸಾಲದ ಮೇಲೆ ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಸೆಸ್ ಪಾಸು ಮಾಡಿತು. ಅದರ ಹೆಸರಲ್ಲೇ ‘ಆರೋಗ್ಯ ಭದ್ರತೆಯಿಂದ ರಾಷ್ಟ್ರೀಯ ಭದ್ರತೆ’ ಇದೆ. ಇದನ್ನು ಅಂಗಡಿ ಮುಂದೆ ಪೇಪರಿನಲ್ಲಿ ಓದಿ ಹೇಳಿದಾಗ ಒಬ್ಬ ಆಟೋದಣ್ಣ ಬಾಯಿ ತುಂಬ ಇದ್ದದ್ದನ್ನು ಚರಂಡಿಗೆ ಉಗಿದು, ಎದೆ ಉಬ್ಬಿಸಿ ಅಂದ: “ಹಂಗಾದ್ರೆ ನಾನೂ ಒಂಥರಾ ಸೈನಿಕನೇ ಅನ್ರಿ.”

ತೆರಿಗೆ ಏರಿಸೋಕೆ ಹೋದಾಗಲೆಲ್ಲ ಒಂದು ಮಾತು ಬರುತ್ತೆ. ಕಳ್ಳ ಮಾಲು ಜಾಸ್ತಿಯಾಗುತ್ತೆ, ಸರ್ಕಾರದ ಆದಾಯ ಬಿದ್ದು ಹೋಗುತ್ತೆ ಅಂತ. ಫಿಲಿಪ್ಪೀನ್ಸ್‌ನಲ್ಲೂ ಇದನ್ನೇ ಹೇಳಿದ್ದರು. ಅವರು 2012ರಲ್ಲಿ ಕಾನೂನು ಮಾಡಿ ತೆರಿಗೆ ಜೋರಾಗಿ ಏರಿಸಿದರು. 2009ರಲ್ಲಿ ನೂರಕ್ಕೆ 28 ಜನ ಸೇದುತ್ತಿದ್ದವರು 2015ಕ್ಕೆ 23 ಆದರು. ಆದಾಯ ಬೀಳಲಿಲ್ಲ, ಏರಿತು. ಆ ದುಡ್ಡಿನ ದೊಡ್ಡ ಪಾಲು ಬಡವರ ಆರೋಗ್ಯ ವಿಮೆಗೆ ಹೋಯಿತು.

ಇನ್ನು ಆದಾಯದ ಮಾತು. 2017-18ರಲ್ಲಿ ತಂಬಾಕಿನ ಕಾಯಿಲೆ ಮತ್ತು ಸಾವುಗಳಿಂದ ದೇಶಕ್ಕೆ ಆದ ಹೊರೆ 1,77,341 ಕೋಟಿ ರೂಪಾಯಿ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆಸ್ಪತ್ರೆ ಬಿಲ್ಲು, ಹೋದ ದುಡಿಮೆ, ಹೊತ್ತಿಗೆ ಮುಂಚೆ ಹೋದ ಜೀವ, ಎಲ್ಲ ಸೇರಿ. ತಂಬಾಕಿನ ಅಬಕಾರಿ ಸುಂಕ ನೂರು ರೂಪಾಯಿ ಬಂದರೆ ಸಮಾಜಕ್ಕೆ 816 ರೂಪಾಯಿ ಹೊರೆ. ನಮ್ಮ ಮಂಡಿಪೇಟೆಯಲ್ಲಿ ನೂರು ಗಲ್ಲಾಕ್ಕೆ ಹಾಕಿ ಎಂಟುನೂರು ಹಿಂಬಾಗಿಲಿಂದ ಕಳಿಸುವವನನ್ನು ಲೆಕ್ಕ ಬರೆಯಲು ಬಿಡಿ, ಮೂಟೆ ಹೊರೋಕೂ ಇಟ್ಟುಕೊಳ್ಳುವುದಿಲ್ಲ.

ಆದರೂ ನಾವು ಏನೂ ಮಾಡುತ್ತಿಲ್ಲ ಅಂತಲ್ಲ. ಮೇ 31, ವಿಶ್ವ ತಂಬಾಕು ರಹಿತ ದಿನ ಬಂತೆಂದರೆ ಜಾಥಾ. ಕೆಂಡದಂಥ ಬಿಸಿಲಿನಲ್ಲಿ ಮಕ್ಕಳು ಬೋರ್ಡು ಹಿಡಿದು ನಡೆಯುತ್ತಾರೆ. ಸಿಗರೇಟು ಸೇದದ ಮಕ್ಕಳಿಗೆ ಸಿಗರೇಟು ಸೇದಬೇಡಿ ಅಂತ ಅವರ ಬಾಯಲ್ಲೇ ಹೇಳಿಸುವ ಕಾರ್ಯಕ್ರಮ. ಒಂದು ವರ್ಷ ಜಾಥಾ ಮುಗಿದ ಮೇಲಿನ ಸಭೆಗೆ ನನ್ನನ್ನೂ ಕರೆದಿದ್ದರು. ಭಾಷಣ, ಪ್ರತಿಜ್ಞೆ, ಊಟ. ಊಟದ ಕೊನೆಗೆ ತಟ್ಟೆಯಲ್ಲಿ ಎಲೆ ಅಡಿಕೆ ಬಂತು. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಅಂದರೆ ನನ್ನ ಸೋದರಮಾವನ ತೋಟ ಚನ್ನಗಿರಿ ಕಡೆ ಇದೆ. ನಮ್ಮ ಜಿಲ್ಲೆಯಲ್ಲಿ ತಂಬಾಕಿನ ವಿರುದ್ಧ ಎಷ್ಟು ಹೊತ್ತಾದರೂ ಮಾತಾಡಬಹುದು. ಅಡಿಕೆ ವಿಷಯ ಬಂದರೆ ಮೈಕು ಕೆಡುತ್ತೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರ ವರದಿಯಲ್ಲೇ ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂದಿದೆ. ಇದನ್ನು ಮಾವನಿಗೆ ಹೇಳಿದೆ. ಮಾವ ಎದ್ದು ಹೋಗಿ ಅಡಿಕೆ ರಾಶಿ ಮೇಲೆ ಟಾರ್ಪಾಲು ಸರಿಮಾಡಿ ಬಂದರು. “ಮೋಡ ಆಗೈತಿ” ಅಂದರು. ಮದುವೆ, ಟ್ರಾಕ್ಟರು, ನನ್ನ ಅಮ್ಮನ ಆಪರೇಷನ್ನು, ಎಲ್ಲಾ ಆ ರಾಶಿಯಿಂದಲೇ ಆದದ್ದು. ಪಾರ್ಟಿ ಯಾವುದಾದರೂ ಇರಲಿ, ಅಡಿಕೆ ವಿಷಯದಲ್ಲಿ ಎಲ್ಲರೂ ಒಂದೇ ಪಾರ್ಟಿ.

ಮೊನ್ನೆ ಕಾಲೇಜು ಕಡೆ ಹೋದಾಗ ಗೆರೆ ಕಾಣಲಿಲ್ಲ. ಪೈಪು ಹಾಕಲು ರಸ್ತೆ ಅಗೆದು, ಮುಚ್ಚಿ, ಟಾರು ಹಾಕಿದ್ದರು. ಗೆರೆ ಟಾರಿನ ಕೆಳಗೆ. ಅಂಗಡಿಯಣ್ಣ ನಾಲ್ಕು ದಿನ ಚಡಪಡಿಸಿದನಂತೆ. “ಗೆರೆ ಇಲ್ದಿದ್ರೆ ನಾನು ಎಲ್ಲಿದೀನಿ ಅಂತ ನನಗೇ ಹೆಂಗೆ ಗೊತ್ತಾಗ್ಬೇಕ್ರಿ?” ಅಂದ. ಹೋಗಿ ಕೇಳಿದ್ದಕ್ಕೆ, ಪೇಂಟಿಗೆ ಈ ವರ್ಷದ ದುಡ್ಡು ಮುಗಿದಿದೆ, ಮುಂದಿನ ವರ್ಷ ನೋಡೋಣ ಅಂದರಂತೆ.

ಆಮೇಲೆ ತಾನೇ ಹೋಗಿ ಒಂದು ಡಬ್ಬಿ ಹಳದಿ ಪೇಂಟು ತಂದ. ರಾತ್ರಿ ಹನ್ನೊಂದರ ಮೇಲೆ, ಗಾಡಿ ಓಡಾಟ ನಿಂತಾಗ, ಮಗನ ಕೈಲಿ ಟಾರ್ಚು ಕೊಟ್ಟು ಗೆರೆ ಎಳೆದ. ಹಳೆಯದಕ್ಕಿಂತ ಚೊಕ್ಕಟವಾಗಿದೆ. ಹಳೆಯದಕ್ಕಿಂತ ಕಾಲೇಜಿನ ಕಡೆಗೆ ಒಂದಿಪ್ಪತ್ತು ಹೆಜ್ಜೆ ಹತ್ತಿರವೂ ಇದೆ.

ಅರ್ಧ ಡಬ್ಬಿ ಉಳಿದಿದೆಯಂತೆ. ಅಳಿಯನ ಅಂಗಡಿ ಇನ್ನೊಂದು ಕಾಲೇಜಿನ ಹತ್ತಿರ ಇದೆ, ಅಲ್ಲಿಗೆ ಬೇಕಾಗುತ್ತೆ ಅಂತ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದಾನೆ.