ಶಾಲು ಹೊದಿಸಿದ್ದು ಸಾಕು, ಬಿ ಫಾರಂ ಕೊಡಿ

ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ ಎಚ್.ಡಿ. ಕೋಟೆ ಕಡೆ ಹಾಡಿ, ಅಂದ್ರೆ ಕಾಡಂಚಿನ ಆದಿವಾಸಿ ಕೇರಿ, ಅಲ್ಲಿಯ ಹೆಣ್ಮಕ್ಳನ್ನ ಹುಡುಕ್ಕೊಂಡು ಕಾರುಗಳು ಬರ್ತವೆ. ಮಹಿಳಾ ದಿನಾಚರಣೆ ಇರುತ್ತಲ್ಲ. ಕರ್ಕೊಂಡ್ ಹೋಗಿ ಸ್ಟೇಜ್ ಮೇಲೆ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸ್ಕೊಂಡು ಸಂಜೆ ಹಾಡಿಗೆ ವಾಪಸ್ ಬಿಡ್ತಾರೆ. ನಂಗೆ ಬಹಳ ವರ್ಷದಿಂದ ಗೊತ್ತಿರೋ ಒಬ್ರು ಜೇನು ಕುರುಬ ಆದಿವಾಸಿ ಸಮುದಾಯದ ಅಕ್ಕ ಇದಾರೆ, ಅವ್ರ ಮನೇಲಿ ಇಂಥ ಶಾಲು ಹನ್ನೊಂದು ಇವೆ, ನಾನೇ ಎಣಿಸಿದೀನಿ. ಹಗ್ಗದ ಮೇಲೆ ಮಡಿಚಿ ಹಾಕಿರ್ತಾರೆ, ಚಳಿಗಾಲದಲ್ಲಿ ಮೊಮ್ಮಕ್ಕಳಿಗೆ ಹೊದಿಸ್ತಾರೆ.

ನಾನು ಹಾಡಿ ಮಕ್ಕಳಿಗೆ ಪಾಠ ಹೇಳ್ಕೊಂಡು ಹದಿನಾಲ್ಕು ವರ್ಷ ಆಯ್ತು. ಈ ಅಕ್ಕನ್ನ ನೋಡ್ತಾನೇ ಬಂದಿದೀನಿ. ರಾತ್ರಿ ಹೊತ್ತು ಬಸುರಿಗೆ ನೋವು ಬಂತು ಅಂದ್ರೆ ಮೊದ್ಲು ಇವ್ರ ಬಾಗಿಲು ತಟ್ತಾರೆ, ಜೀಪ್‌ನವ್ನಿಗೆ ಫೋನ್ ಮಾಡೋದು ಇವ್ರೇ, ಆಸ್ಪತ್ರೆಗೆ ಜೊತೇಲಿ ಹೋಗೋದು ಇವ್ರೇ. ಅರಣ್ಯ ಹಕ್ಕಿನ ಅರ್ಜಿ ಹಾಕುವಾಗ ಯಾವ ಮರದ ಹತ್ರ ಯಾರ ಹಳೇ ಮನೆ ಇತ್ತು, ಯಾವ ಕಡೆ ಪೂಜೆ ಮಾಡೋ ಕಲ್ಲಿದೆ, ಯಾರನ್ನ ಎಲ್ಲಿ ಮಣ್ಣು ಮಾಡಿದ್ರು ಅಂತ ಇವ್ರು ಬಾಯಲ್ಲಿ ಹೇಳ್ತಾ ಹೋದ್ರು, ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಎರಡು ದಿನ ಬರೆದ್ರೂ ಮುಗೀಲಿಲ್ಲ. ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ರು. ಮೊದ್ಲನೇ ಮೀಟಿಂಗ್‌ನಲ್ಲಿ ಗೋಡೆ ಪಕ್ಕದ ಕೊನೇ ಕುರ್ಚೀಲಿ ಸೆರಗು ಬಿಗಿ ಹಿಡ್ಕೊಂಡು ಕೂತಿದ್ರು, ನಾಲ್ಕನೇ ಮೀಟಿಂಗ್‌ನಲ್ಲಿ ಎದ್ದು ನಿಂತು "ಬೋರ್‌ವೆಲ್ ಬಿಲ್ ಆಗೈತೆ, ಬೋರ್‌ವೆಲ್ ಎಲ್ಲೈತೆ ತೋರ್ಸಿ" ಅಂದ್ರು. ಮುಂದಿನ ಸಲ ಮೀಸಲಾತಿ ಬದಲಾಯ್ತು, ಅವ್ರ ಸೀಟು ಹೋಯ್ತು. ಆಮೇಲೆ ಯಾವ ಪಕ್ಷದವರೂ ಬಂದು "ತಾಲ್ಲೂಕು ಪಂಚಾಯ್ತಿಗೆ ನಿಲ್ತೀರಾ ಅಕ್ಕ" ಅಂತ ಒಂದು ಮಾತು ಕೇಳ್ಲಿಲ್ಲ. ಶಾಲು ಮಾತ್ರ ಬರ್ತಾನೇ ಇದೆ.

ಹೋದ ವಾರ ಅವ್ರಿಗೆ ನನ್ ಮೊಬೈಲಲ್ಲಿ ತೆಲಂಗಾಣದ ಮಂತ್ರಿ ಸೀತಕ್ಕನ ವಿಡಿಯೋ ತೋರಿಸ್ದೆ. 2020ರ ಲಾಕ್‌ಡೌನ್ ಟೈಮಿಂದು, ಆಗ ಅವ್ರು ಮುಲುಗು ಎಂಎಲ್ಎ, ಹೆಗಲ ಮೇಲೆ ರೇಷನ್ ಮೂಟೆ ಹೊತ್ಕೊಂಡು ರಸ್ತೇನೇ ಇಲ್ಲದ ಕಾಡು ಹಾದೀಲಿ ಹಳ್ಳ ದಾಟ್ಕೊಂಡು ಹೋಗ್ತಿರೋದು. ಆಗ ಬಹಳ ಓಡಾಡಿತ್ತು, ನಿಮ್ಮಲ್ಲೂ ಎಷ್ಟೋ ಜನ ನೋಡಿರ್ತೀರ. ನಮ್ಮ ಅಕ್ಕ ಅದನ್ನ ಮೂರು ಸಲ ನೋಡಿದ್ರು, ಮೂಟೆ ಹೊತ್ತಿರೋ ರೀತಿನೇ ನೋಡ್ತಿದ್ರು ಅನ್ಸುತ್ತೆ, "ಈಯಮ್ಮ ಕಾಡ್‌ನೋರೇ ಕಣ್ ಟೀಚರಮ್ಮ, ಕಾಲಿಡೋದ್ ನೋಡಿ" ಅಂದ್ರು.

ಹೌದು, ಕಾಡಿನವರೇ. ಹೆಸರು ದನಸರಿ ಅನಸೂಯ, ಕೋಯ ಆದಿವಾಸಿ, ಹುಟ್ಟಿದ್ದು 1971ರಲ್ಲಿ, ಮುಲುಗು ಹತ್ರದ ಜಗ್ಗನ್ನಪೇಟ ಅನ್ನೋ ಹಳ್ಳೀಲಿ. ಇನ್ನೂ ಸ್ಕೂಲ್ ವಯಸ್ಸಲ್ಲೇ ನಕ್ಸಲ್ ದಳಕ್ಕೆ ಸೇರ್ಕೊಂಡ್ರು, ಸೀತಕ್ಕ ಅನ್ನೋದು ಅಲ್ಲಿ ಸಿಕ್ಕ ಹೆಸರು, ಅದೇ ಇವತ್ತಿಗೂ ಉಳ್ಕೊಂಡಿದೆ. ಅದೂ ಸಮ್ಮಕ್ಕ ಸಾರಲಮ್ಮನ ನಾಡು, ಎರಡು ವರ್ಷಕ್ಕೊಂದ್ಸಲ ಮೇಡಾರಂ ಜಾತ್ರೇಲಿ ಲಕ್ಷಾಂತರ ಜನ ಬೆಲ್ಲ ಅರ್ಪಿಸ್ತಾರೆ, ಆ ಬೆಲ್ಲಕ್ಕೆ ಅಲ್ಲಿ ಬಂಗಾರ ಅಂತ ಕರೀತಾರೆ. ಕಂದಾಯ ಕೇಳಿದ ರಾಜರ ವಿರುದ್ಧ ನಿಂತ ಅಮ್ಮ ಮಗಳನ್ನ ದೇವರು ಅಂತ ಪೂಜೆ ಮಾಡೋ ಜಾಗದಲ್ಲಿ "ಅಕ್ಕ" ಅನ್ನೋ ಪದಕ್ಕೆ ತೂಕ ಜಾಸ್ತಿ.

ಬಂದೂಕಿನ ದಾರಿ ಸರಿ ಅಂತ ನಾನು ಹೇಳಲ್ಲ, ಅವ್ರೇ ಅದನ್ನ ಬಿಟ್ಟು ಬಂದವರು. ನಾನು ಜಾಸ್ತಿ ಯೋಚನೆ ಮಾಡೋದು 90ರ ದಶಕದಲ್ಲಿ ಹೊರಗೆ ಬಂದ ಮೇಲೆ ಅವ್ರು ಮಾಡಿದ್ದರ ಬಗ್ಗೆ. ಬಿಟ್ಟ ಓದು ಮುಂದುವರೆಸಿ ಕಾನೂನು ಓದಿ ವಾರಂಗಲ್ ಕೋರ್ಟಲ್ಲಿ ವಕೀಲಿಕೆ ಮಾಡಿದ್ರು. 2004ರಲ್ಲಿ ತೆಲುಗು ದೇಶಂ (ಟಿಡಿಪಿ) ಪಕ್ಷದಿಂದ ಮುಲುಗು ಕ್ಷೇತ್ರಕ್ಕೆ ನಿಂತು ಸೋತ್ರು. 2009ರಲ್ಲಿ ಅದೇ ಪಕ್ಷ ಮತ್ತೆ ಟಿಕೆಟ್ ಕೊಡ್ತು, ಗೆದ್ರು. 2014ರಲ್ಲಿ ಮತ್ತೆ ಸೋತ್ರು. 2017ರಲ್ಲಿ ಕಾಂಗ್ರೆಸ್‌ಗೆ ಬಂದ್ರು, 2018ರಲ್ಲಿ ಗೆದ್ರು, 2023ರಲ್ಲಿ ಮತ್ತೆ ಗೆದ್ದು ಡಿಸೆಂಬರ್ 7ಕ್ಕೆ ಹೈದರಾಬಾದಲ್ಲಿ ಮಂತ್ರಿಯಾಗಿ ಪ್ರಮಾಣವಚನ ತಗೊಳ್ಳೋಕೆ ಹೋದಾಗ ಸ್ಟೇಡಿಯಂ ತುಂಬ ಖುಷಿಯ ಕೂಗು, ಮಾತು ಶುರು ಮಾಡೋಕೇ ಬಿಡ್ಲಿಲ್ಲ ಜನ. ನಡುವೆ 2022ರಲ್ಲಿ, ಎಂಎಲ್ಎ ಆಗಿರುವಾಗ್ಲೇ, ಉಸ್ಮಾನಿಯಾ ಯೂನಿವರ್ಸಿಟಿಯಿಂದ ಪಿಎಚ್‌ಡಿ ಮಾಡ್ಕೊಂಡ್ರು. ವಿಷಯ ಏನ್ ಗೊತ್ತಾ, ಛತ್ತೀಸ್‌ಗಢದ ಕಡೆಯಿಂದ ವಲಸೆ ಬಂದು ವಾರಂಗಲ್, ಖಮ್ಮಂ ಕಾಡಲ್ಲಿ ನೆಲೆ ನಿಂತ ಗುತ್ತಿ ಕೋಯರು, ಅವ್ರನ್ನ ಸಮಾಜ ಹೇಗೆ ಹೊರಗಿಟ್ಟಿದೆ ಅನ್ನೋದು. ಅಕ್ಕಿ ಮೂಟೆ ಹೊತ್ಕೊಂಡು ಹೋಗಿದ್ದೂ ಇಂಥವರ ಗುಡಿಸಲಿಗೇ.

ಈ ಕಥೆನ ಎಲ್ಲರೂ ನಕ್ಸಲ್ ಮಂತ್ರಿಯಾದ್ಲು ಅಂತ ಸಿನಿಮಾ ಥರ ಹೇಳ್ತಾರೆ. ನನ್ ಕಣ್ಣಿಗೆ ಬಿದ್ದಿದ್ದು 2004 ಮತ್ತು 2014. ಎರಡು ಸಲ ಸೋತ ಆದಿವಾಸಿ ಹೆಣ್ಮಗಳನ್ನ ರಾಜಕೀಯ ಮೂಲೆಗೆ ತಳ್ಳಲಿಲ್ಲ. ಮೊದ್ಲ ಸೋಲಿನ ನಂತರ ಅದೇ ಪಕ್ಷ ಟಿಕೆಟ್ ಕೊಡ್ತು, ಎರಡನೇದರ ನಂತರ ಬೇರೆ ಪಕ್ಷ ಕೊಡ್ತು. ನಮ್ಮಲ್ಲಿ ದುಡ್ಡಿರೋ ಗಂಡಸು ಮೂರು ಸಲ ಸೋತ್ರೂ "ಈ ಸಲ ಅನುಕಂಪ ಇದೆ" ಅಂತ ಟಿಕೆಟ್ ಕೊಡ್ತಾರೆ, ಹಾಡಿ ಹೆಣ್ಮಗಳಿಗೆ ಸೋಲೋದಕ್ಕೂ ಒಂದು ಅವಕಾಶ ಸಿಗಲ್ಲ. ಇದು ನಂಗೆ ಬಹಳ ನೋವು ಕೊಡೋ ವಿಷಯ.

ಇನ್ನೊಂದು ವಿಷಯ ನೋಡಿ. 2023ರಲ್ಲಿ ಸೀತಕ್ಕನ ಎದುರು ಬಿಆರ್‌ಎಸ್‌ನಿಂದ ನಿಂತವರು ಬಡೆ ನಾಗಜ್ಯೋತಿ, ಅವ್ರೂ ಆದಿವಾಸಿ ಹೆಣ್ಮಗಳು, ಅವ್ರ ತಂದೆನೂ ನಕ್ಸಲ್ ಆಗಿದ್ದು ಪ್ರಾಣ ಕಳ್ಕೊಂಡವರು. ಆಕೆ 2019ರಲ್ಲಿ ಹಳ್ಳಿ ಸರ್ಪಂಚ್, ಆಮೇಲೆ ಜಿಲ್ಲಾ ಪರಿಷತ್ ಮೆಂಬರ್, ಅಲ್ಲೇ ಮೇಲಿನ ಹುದ್ದೆ, ಆಮೇಲೆ ಅಸೆಂಬ್ಲಿ ಕ್ಯಾಂಡಿಡೇಟ್. ಯಾರೇ ಗೆದ್ರೂ ಆ ಕ್ಷೇತ್ರದಿಂದ ಕಾಡಿನ ಹೆಣ್ಮಗಳೇ ಹೈದರಾಬಾದ್‌ಗೆ ಹೋಗ್ತಿದ್ಲು! ಇದು ಸುಮ್ನೆ ಆಗಿದ್ದಲ್ಲ. ಆ ಭಾಗದಲ್ಲಿ ಸಂವಿಧಾನದ ಐದನೇ ಪರಿಚ್ಛೇದ, ಅಂದ್ರೆ ಆದಿವಾಸಿ ಪ್ರದೇಶಗಳಿಗಿರೋ ವಿಶೇಷ ವ್ಯವಸ್ಥೆ, ಇದೆ, ಅಲ್ಲಿಯವರು ಏಜೆನ್ಸಿ ಏರಿಯಾ ಅಂತಾರಲ್ಲ ಅದು. 1996ರ ಪೆಸಾ ಅನ್ನೋ ಕಾಯ್ದೆ, ಅಂದ್ರೆ ಇಂಥ ಪ್ರದೇಶಗಳ ಪಂಚಾಯ್ತಿ ಕಾಯ್ದೆ, ಅದರ ಪ್ರಕಾರ ಅಲ್ಲಿ ಪಂಚಾಯ್ತಿ ಅಧ್ಯಕ್ಷ ಸ್ಥಾನ ಆದಿವಾಸಿಗಳಿಗೇ ಮೀಸಲು, ಮೀಸಲಾತಿ ಸರದಿ (ರೋಸ್ಟರ್) ಬಂತು ಹೋಯ್ತು ಅನ್ನೋ ಮಾತೇ ಇಲ್ಲ. ಕರ್ನಾಟಕದಲ್ಲಿ ಐದನೇ ಪರಿಚ್ಛೇದದ ಪ್ರದೇಶ ಒಂದೂ ಇಲ್ಲ. ಹಾಗಾಗಿ ಪೆಸಾನೂ ಇಲ್ಲ. ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಇಷ್ಟೆಲ್ಲ ಕಾಡು ಇಷ್ಟೆಲ್ಲ ಹಾಡಿಗಳು, ಸೋಲಿಗರ ಪೋಡುಗಳಿದ್ರೂ ಇಲ್ಲ.

ನಮ್ಮಲ್ಲಿ ಎಸ್‌ಟಿ ಮೀಸಲು ಇಲ್ವಾ ಅಂತ ಕೇಳ್ಬೋದು. ಇದೆ, 224ರಲ್ಲಿ 15 ಸೀಟು, ನಮ್ ಕೋಟೆ ಕ್ಷೇತ್ರಾನೂ 2008ರಿಂದ ಎಸ್‌ಟಿ ಮೀಸಲೇ. ಹೆಣ್ಮಕ್ಳೂ ಗೆದ್ದಿದಾರೆ, 2023ರಲ್ಲಿ ದೇವದುರ್ಗದಿಂದ ಕರೆಮ್ಮ ನಾಯಕ್ ಅವ್ರು, 2024ರ ಉಪಚುನಾವಣೇಲಿ ಸಂಡೂರಿಂದ ಅನ್ನಪೂರ್ಣ ತುಕಾರಾಂ ಅವ್ರು, ಇಬ್ಬರ ಬಗ್ಗೆನೂ ನಂಗೆ ಗೌರವ ಇದೆ. ಆದ್ರೆ ಲೆಕ್ಕ ನೋಡಿ. 2011ರ ಜನಗಣತಿಲಿ ರಾಜ್ಯದ ಎಸ್‌ಟಿ ಜನಸಂಖ್ಯೆ 42 ಲಕ್ಷ ಚಿಲ್ಲರೆ, ಅದ್ರಲ್ಲಿ ಸುಮಾರು ಮುಕ್ಕಾಲು ಪಾಲು ನಾಯಕ ಸಮುದಾಯ. ಜೇನು ಕುರುಬರು ಇರೋದು 36 ಸಾವಿರದಷ್ಟು, ಅದೂ ಮೈಸೂರು, ಕೊಡಗು ಅಂತ ಹರಡ್ಕೊಂಡು. ನಾಯಕ ಸಮುದಾಯದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ, ಅವ್ರು ಹೋರಾಡಿ ಪಡ್ಕೊಂಡಿರೋ ಹಕ್ಕು ಅದು. ಆದ್ರೆ ಒಂದೇ ಪಟ್ಟೀಲಿ ಇಟ್ಟು ಓಡಿ ಅಂದ್ರೆ ಕಾಫಿ ತೋಟದ ಲೈನ್ ಮನೇಲಿ ಆರು ತಿಂಗಳು, ಶುಂಠಿ ಹೊಲದಲ್ಲಿ ಮೂರು ತಿಂಗಳು ಕಳೆಯೋ ಜನ ಯಾವ ಓಟ ಓಡೋಕಾಗುತ್ತೆ. ಮುಲುಗುವಿನಲ್ಲಿ ಕೋಯರ ಸಂಖ್ಯೆ ದೊಡ್ಡದು, ಸೀತಕ್ಕಂಗೆ ಆ ಬಲ ಇತ್ತು, ಅದನ್ನ ಮುಚ್ಚಿಡಬಾರ್ದು. ಇಲ್ಲಿ ಆ ಬಲ ಇಲ್ಲ, ಅದಕ್ಕೇ ಇಲ್ಲಿ ಪಕ್ಷಗಳ ಜವಾಬ್ದಾರಿ ಜಾಸ್ತಿ.

ಗ್ರಾಮ ಪಂಚಾಯ್ತೀಲಿ ಹೆಣ್ಮಕ್ಳಿಗೆ ಅರ್ಧ ಸೀಟು ಇದೆ, ಹಾಡಿ ಹೆಣ್ಮಕ್ಳು ಅಲ್ಲೀವರ್ಗೂ ಬರ್ತಾರೆ. ಅಲ್ಲಿಂದ ಮೇಲೆ ಹತ್ತೋಕೆ ಮೆಟ್ಟಿಲೆಲ್ಲಿದೆ? ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆನೇ ನಡೀಲಿಲ್ಲ, ಕೋರ್ಟು ಕ್ಷೇತ್ರ ವಿಂಗಡಣೆ ಮೀಸಲಾತಿ ಪಟ್ಟಿ ಅಂತ ಎಳ್ಕೊಂಡೇ ಹೋಯ್ತು. ದೊಡ್ಡ ಮನೆತನದವ್ರಿಗೆ ಇದ್ರಿಂದ ಏನೂ ನಷ್ಟ ಇಲ್ಲ, ಅವ್ರು ನೇರ ಅಸೆಂಬ್ಲಿಗೆ ಹಾರ್ತಾರೆ. ನಷ್ಟ ಆಗಿದ್ದು ನಮ್ ಅಕ್ಕನಂಥವ್ರಿಗೆ. ಇದನ್ನ ಹೇಳುವಾಗ ನ್ಯಾಯವಾಗಿ ತೆಲಂಗಾಣದ ಮಾತೂ ಹೇಳ್ಬೇಕು. ಸೀತಕ್ಕನ ಹತ್ರ ಇರೋದು ಪಂಚಾಯತ್ ರಾಜ್ ಖಾತೆನೇ, 2024ರ ಫೆಬ್ರವರಿಯಲ್ಲಿ ಅವಧಿ ಮುಗಿದ ಪಂಚಾಯ್ತಿಗಳು ಅವ್ರ ಕಾಲದಲ್ಲೇ ಬಹಳ ದಿನ ಅಧಿಕಾರಿಗಳ ಕೈಲಿದ್ವು. ಹಳ್ಳಿ ಹೆಣ್ಮಕ್ಳ ಮೆಟ್ಟಿಲು ಏನು ಅಂತ ಅವ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅವ್ರಿಂದ ನಾನು ಜಾಸ್ತಿನೇ ನಿರೀಕ್ಷೆ ಮಾಡಿದ್ದೆ.

ದೂರದ ತೆಲಂಗಾಣ ಬೇಡ ಅಂದ್ರೆ ಕೇರಳ ಗಡಿಯ ಬಾವಲಿ ಚೆಕ್‌ಪೋಸ್ಟ್ ದಾಟಿ ನೋಡಿ. ವಯನಾಡಿನ ಕುರಿಚ್ಯ ಅನ್ನೋ ಆದಿವಾಸಿ ಸಮುದಾಯದ ಪಿ.ಕೆ. ಜಯಲಕ್ಷ್ಮಿ, ಪಂಚಾಯ್ತಿ ಮೆಂಬರ್ ಆಗಿದ್ದವರು, 2011ರಲ್ಲಿ ಮಾನಂದವಾಡಿಯಿಂದ ಗೆದ್ದು ಕೇರಳದಲ್ಲಿ ಮಂತ್ರಿ ಆದ್ರು. ಕೋಟೆಯಿಂದ ಮಾನಂದವಾಡಿ ಒಂದು ಬಸ್ಸಿನ ದಾರಿ. ಆ ಕಡೆ ಆಗಿದ್ದು ಈ ಕಡೆ ಯಾಕಾಗಲ್ಲ? ನಮ್ಮಲ್ಲೂ 2020ರಲ್ಲಿ ಶಾಂತಾರಾಮ ಸಿದ್ದಿ ಅವ್ರನ್ನ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡಿದ್ರು, ಸಿದ್ದಿ ಸಮುದಾಯದಿಂದ ಮೊದಲನೇದು. ಒಳ್ಳೇ ಕೆಲಸ ಅದು, ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಗೊತ್ತಾಯ್ತು. ಹಾಡಿಯಿಂದ, ಪೋಡಿನಿಂದ ಒಬ್ಬ ಹೆಣ್ಮಗಳನ್ನೂ ಹಾಗೆ ಕಳಿಸಿ ಅಂತ ಕೇಳ್ತೀನಿ. ಆದ್ರೂ ಮನೆ ಮನೆಗೆ ಹೋಗಿ ಓಟು ಕೇಳಿ ಗೆದ್ದು ಬಂದವಳ ದನಿ ಬೇರೆ, ಅವಳನ್ನ ಯಾರೂ "ನಾವು ಕೂರಿಸಿದ್ದು" ಅನ್ನೋಕಾಗಲ್ಲ.

ಅದಕ್ಕೇ ಮೂರೂ ಪಕ್ಷದ ಸ್ಥಳೀಯ ಮುಖಂಡರಿಗೆ, ನಿಮ್ಮಲ್ಲಿ ಕೆಲವ್ರು ನನ್ ಫ್ರೆಂಡ್ ಲಿಸ್ಟಲ್ಲೇ ಇದೀರ, ನೇರವಾಗಿ ಕೇಳ್ತಿದೀನಿ. ತಾಲ್ಲೂಕು ಜಿಲ್ಲಾ ಪಂಚಾಯ್ತಿ ಟಿಕೆಟ್ ಹಂಚುವಾಗ ಎಸ್‌ಟಿ ಮಹಿಳೆ ಅಂತ ಬಂದ ಸೀಟಲ್ಲಿ ಒಂದಾದ್ರೂ ಹಾಡಿಗೆ ಕೊಡಿ. ಗಂಡನ್ನ ಮುಂದೆ ಬಿಟ್ಟು ಸಹಿ ಹಾಕಿಸ್ಕೊಳ್ಳೋಕಲ್ಲ, ಅವ್ರೇ ನಿಂತು ಮಾತಾಡೋ ಥರ ಕೊಡಿ. ಖರ್ಚು ಪಕ್ಷ ನೋಡ್ಕೊಳ್ಲಿ, ಕೂಲಿಗೆ ಹೋಗೋ ಹೆಂಗಸು ಎಲೆಕ್ಷನ್ ಖರ್ಚು ಎಲ್ಲಿಂದ ತರ್ತಾಳೆ. ಸೋತ್ರೆ ಮುಂದಿನ ಸಲ ಮತ್ತೆ ಕೊಡಿ.

ವಿಡಿಯೋ ನೋಡಿದ ದಿನ ಹೊರಡುವಾಗ ಅಕ್ಕ ಗೇಟಿನವರ್ಗೂ ಬಂದ್ರು. "ಆಯಮ್ಮ ಎಲ್ಡ್ ಸಲ ಸೋತ್ರು ಅಂದ್ರಲ್ಲ, ಸೋತ ಮೇಲೆ ಏನ್ ಮಾಡುದ್ರು" ಅಂತ ಕೇಳಿದ್ರು. ಮತ್ತೆ ಊರೂರು ತಿರುಗಿದ್ರಂತೆ ಅಕ್ಕ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ತಿರುಗೋದು ನಮ್ಗೇನ್ ಹೊಸ್ದಾ" ಅಂದ್ರು. ಆಮೇಲೆ ಒಳಗೆ ಹೋಗಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ವೋಟರ್ ಐಡಿ, ಜಾತಿ ಸರ್ಟಿಫಿಕೇಟ್ ತಂದು ಕೊಟ್ಟು, ಎಲೆಕ್ಷನ್‌ಗೆ ನಿಲ್ಲೋಕೆ ಇವು ಸಾಕಾ ನೋಡಿ ಟೀಚರಮ್ಮ ಅಂದ್ರು. ಜಾತಿ ಸರ್ಟಿಫಿಕೇಟ್ ಮಡಿಕೆ ಬಿದ್ದ ಕಡೆ ಹರಿದಿದೆ. ಸೋಮವಾರ ಇಬ್ರೂ ನಾಡಕಚೇರಿಗೆ ಹೋಗ್ತಿದೀವಿ, ಹೊಸದು ಮಾಡಿಸೋಕೆ.