ಜಗಿಯಿರಿ, ಗಡಿ ಕಾಯಿರಿ

ದೇಶಕ್ಕಾಗಿ ಏನೂ ಮಾಡಲಿಲ್ಲವಲ್ಲ ಎಂಬ ಕೊರಗು ನಮ್ಮೂರ ಬಸ್‌ಸ್ಟ್ಯಾಂಡಿನ ಗೂಡಂಗಡಿ ಮುಂದೆ ನಿಲ್ಲುವವರಿಗೆ ಇನ್ನು ಬೇಡ. 2026ರ ಫೆಬ್ರುವರಿ 1ರಿಂದ ಪಾನ್ ಮಸಾಲಾ ಮೇಲೆ ಬಿದ್ದ ಸೆಸ್‌ನ ಹೆಸರು ನೀವೂ ಓದಿರುತ್ತೀರಿ: ‘ಹೆಲ್ತ್ ಸೆಕ್ಯೂರಿಟಿ ಸೇ ನ್ಯಾಷನಲ್ ಸೆಕ್ಯೂರಿಟಿ ಸೆಸ್’. ಅಂದರೆ ಆರೋಗ್ಯ ಭದ್ರತೆಯಿಂದ ದೇಶದ ಭದ್ರತೆ ಎಂಬ ಹೆಚ್ಚುವರಿ ತೆರಿಗೆ. ಇಂಗ್ಲಿಷಿನ ಎರಡು ಪ್ಯಾಕೆಟ್, ನಡುವೆ ಒಂದು ಚಿಟಿಕೆ ಹಿಂದಿ. ಹೆಸರಿಟ್ಟವರು ಯಾರೋ ಕಾಣೆ, ಅಂಗೈಯಲ್ಲಿ ಕಲಸಿ ರೂಢಿ ಇದ್ದವರೇ ಇರಬೇಕು. ಕಾಂಪೌಂಡಿನ ಮೂಲೆಗೆ ಪಿಚಕ್ಕನೆ ಉಗಿಯುವವನನ್ನು ಗದರಿಸುವ ಮುಂಚೆ ಇನ್ನು ಮುಂದೆ ಎರಡು ಸಲ ಯೋಚಿಸಿ. ಅವನು ಈಗಷ್ಟೇ ಗಡಿಗೆ ಅರ್ಧ ಗುಂಡು ಕಳಿಸಿದ್ದಾನೆ.

ಲೆಕ್ಕ ಹಾಕುವ ರೀತಿಯಂತೂ ಇನ್ನೂ ಸೊಗಸು. ಸೆಸ್ ಬೀಳುವುದು ಮಾರಿದ ಮಾಲಿನ ಮೇಲಲ್ಲ, ಯಂತ್ರದ ಮೇಲೆ. ನಿಮಿಷಕ್ಕೆ ಎಷ್ಟು ಪ್ಯಾಕೆಟ್ ತುಂಬುವ ತಾಕತ್ತಿದೆ, ಒಂದೊಂದರ ತೂಕ ಎಷ್ಟು ಎಂದು ನೋಡಿ ತಿಂಗಳ ಮೊತ್ತ ನಿಗದಿ. ಶೇ 40 ಜಿಎಸ್‌ಟಿ ಬೇರೆ. ಯಂತ್ರದ ವೇಗ ಅಳೆಯಲು ಅಧಿಕಾರಿಗಳಿದ್ದಾರೆ. ಬಾಯಿಯ ವೇಗ ಅಳೆಯುವವರ ನೇಮಕ ಇನ್ನೂ ಆಗಿಲ್ಲ.

ಅಸಲಿ ಯಂತ್ರ ಕಾರ್ಖಾನೆಯಲ್ಲಿ ಇಲ್ಲವೇ ಇಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು. ಮೊನ್ನೆ ಅದೇ ಗೂಡಂಗಡಿಯಲ್ಲಿ ಚಿಲ್ಲರೆಗೆ ಕಾಯುತ್ತ ನಿಂತಿದ್ದೆ. ಒಬ್ಬ ಹುಡುಗ ಬಂದ, ಯೂನಿಫಾರಂ ಬಿಟ್ಟು ಎರಡು ವರ್ಷವೂ ಆಗಿರಲಿಕ್ಕಿಲ್ಲ. ಬಾಯಿ ತೆರೆದು ಕೇಳಬೇಕೆಂದೇ ಇಲ್ಲ. ಅಂಗಡಿಯವರು ಒಂದು ಮಾಲೆಯಿಂದ ದೊಡ್ಡ ಪ್ಯಾಕೆಟ್, ಪಕ್ಕದ ಮಾಲೆಯಿಂದ ಸಣ್ಣದು ಕಿತ್ತು ಒಟ್ಟಿಗೇ ಚಾಚಿದರು. ಹುಡುಗ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ಸಣ್ಣದನ್ನು ದೊಡ್ಡದಕ್ಕೆ ಸುರಿದು, ತುದಿ ಮಡಚಿ, ಕಿವಿಯ ಹತ್ತಿರ ಹಿಡಿದು ನಾಲ್ಕು ಸಲ ಕುಲುಕಿದ. ತಲೆ ಮೇಲೆತ್ತಿ ಬಾಯಿಗೆ ಸುರಿದುಕೊಂಡ. ಕರ್ನಾಟಕದಲ್ಲಿ 2013ರಿಂದ ನಿಷೇಧವಾಗಿರುವ ಗುಟ್ಕಾ ಹತ್ತು ಸೆಕೆಂಡಿನಲ್ಲಿ ತಯಾರು.

ನಿಷೇಧವೇನೂ ಸುಳ್ಳಲ್ಲ. ಆಹಾರಕ್ಕೆ ತಂಬಾಕು ಬೆರೆಸಬಾರದು ಎಂದು 2011ರ ಆಹಾರ ಸುರಕ್ಷತೆ ನಿಯಮ ಹೇಳುತ್ತದೆ. ದೊಡ್ಡ ಪ್ಯಾಕೆಟ್ಟು ಪಾನ್ ಮಸಾಲಾ; ಅದರಲ್ಲಿ ತಂಬಾಕಿಲ್ಲ, ಹಾಗಾಗಿ ಅದು ಶುದ್ಧ ಆಹಾರ. ಸಣ್ಣದರಲ್ಲಿ ಆಹಾರವಿಲ್ಲ, ಹಾಗಾಗಿ ಅದು ಶುದ್ಧ ತಂಬಾಕು. ಸಣ್ಣದರ ಮೇಲೆ ಶೇ 85 ಜಾಗ ತುಂಬುವ ಕ್ಯಾನ್ಸರಿನ ಚಿತ್ರ; ದೊಡ್ಡದು ಮದುವೆ ಕಾರ್ಡಿನ ಹಾಗೆ ಥಳಥಳ. ಕಂಪನಿ ಕಾನೂನು ಪಾಲಿಸಿದೆ, ಅಂಗಡಿಯವರೂ ಪಾಲಿಸಿದ್ದಾರೆ. ಮುರಿದದ್ದು ಯಾರಾದರೂ ಇದ್ದರೆ ಆ ಹುಡುಗನ ಅಂಗೈ. ಅದಕ್ಕೂ ಒಂದು ಸೆಸ್ ಹಾಕಬಹುದು, ನಿಮಿಷಕ್ಕೆ ಇಷ್ಟು ಕುಲುಕು ಎಂದು.

ಲ್ಯಾಟಿನ್ ಅಮೆರಿಕ, ಕೆರಿಬಿಯನ್ ದೇಶಗಳವರು 2023ರಲ್ಲಿ ಕ್ಯಾನ್ಸರ್ ತಡೆಗೆಂದು 17 ಅಂಶಗಳ ಪಟ್ಟಿ ಮಾಡಿಕೊಂಡರು. ಯುರೋಪಿನವರದು 1987ರಿಂದಲೇ ಇದೆ. ಈಗ ಐದನೇ ಆವೃತ್ತಿ, 14 ಅಂಶ. ಜನರಿಗೆ ಹೀಗೆ ಮಾಡಿ ಎಂದು ಹೇಳಿ ಸುಮ್ಮನಾಗದೆ, ಅದಕ್ಕೆ ಸರ್ಕಾರಗಳು ಏನು ಮಾಡಬೇಕೆಂದೂ ಜೊತೆಗೇ ಬರೆದುಬಿಟ್ಟಿದ್ದಾರೆ. ಎಂಥ ಅಧಿಕಪ್ರಸಂಗ! ನಮ್ಮಲ್ಲಿ ಬುದ್ಧಿವಾದ ಪೂರ್ತಿ ಪ್ರಜೆಯ ಪಾಲು. ತಿನ್ನಬೇಡ, ಸೇದಬೇಡ, ಕುಡಿಯಬೇಡ, ತಪಾಸಣೆ ಮಾಡಿಸಿಕೋ. ಸರ್ಕಾರದ ಕಾಲಂ ಖಾಲಿ ಇತ್ತು, ಈಗ ಅಲ್ಲಿ ಸೆಸ್ ಬರೆದಿದ್ದೇವೆ. ತೆರಿಗೆ ಏರಿಸಿದರೆ ತಂಬಾಕು ತಿನ್ನುವವರು ಕಡಿಮೆಯಾಗುತ್ತಾರೆ ಎಂಬುದು ನಿಜ, ಅವರ ಪಟ್ಟಿಯಲ್ಲೂ ಅದು ಇದೆ. ಆದರೆ ಬರುವ ದುಡ್ಡಿಗೆ ಗಡಿಯ ಹೆಸರಿಟ್ಟ ಮೇಲೆ ಚಟ ಬಿಡುವುದು ಹೇಗೆ? ಕೋಟಿಗಟ್ಟಲೆ ಜನ ಒಟ್ಟಿಗೇ ಬಿಟ್ಟರೆ ದೇಶದ ಭದ್ರತೆಯ ಗತಿ ಏನು?

ನೀತಿ ನಿರೂಪಕರಿಗೂ ಮಾರ್ಗಸೂಚಿ ಬೇಕೇಬೇಕು ಎನ್ನುವವರಿಗೆ ಒಂದು ಸಾಲು ಸಿದ್ಧವಿದೆ: ಸದನದೊಳಗೆ ಉಗಿಯಬೇಡಿ. ತಮಾಷೆಯಲ್ಲ. 2025ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ವಿಧಾನಸಭೆಯಲ್ಲಿ ಶಾಸಕರೊಬ್ಬರು ಪಾನ್ ಮಸಾಲಾ ಉಗಿದದ್ದನ್ನು ಸ್ಪೀಕರ್ ಕ್ಲೀನ್ ಮಾಡಿಸಿ, ವಿಡಿಯೊದಲ್ಲಿ ನೋಡಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ ಎಂದರು.

ಇಷ್ಟೆಲ್ಲ ಹೇಳುವ ನನ್ನ ಅಂಗಳದಲ್ಲಿ ಏನು ಒಣಗುತ್ತಿದೆ ಎಂದು ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. ಅಡಿಕೆ. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿತು; ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲನೇ ಗುಂಪಿಗೆ ಸೇರಿಸಿತು. ನಾವು ಬೆಳೆಗಾರರು ಒಪ್ಪಲಿಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ, ಹಾಗಾದರೆ ಸೂರ್ಯನನ್ನೂ ನಿಷೇಧಿಸಿ ಎಂಬುದು ನಮ್ಮ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ನಾನೂ ತಟ್ಟಿದ್ದೇನೆ. ತೊಂಬತ್ತರವರೆಗೂ ಕವಳ (ಎಲೆಅಡಿಕೆ) ಹಾಕಿದ ಅಜ್ಜಿ ನಮ್ಮ ಎರಡನೇ ಸಾಕ್ಷಿ. ಅಡಿಕೆಯ ಕಳಂಕ ತೊಳೆಯಲು ಸಂಶೋಧನೆ ಮಾಡಿಸುತ್ತೇವೆ ಎಂದು ಎಲ್ಲ ಪಕ್ಷದವರೂ ಬಂದು ಹೇಳಿ, ಕವಳದ ಹರಿವಾಣಕ್ಕೆ ಕೈಹಾಕಿ ಹೋಗುತ್ತಾರೆ. ಕಳಂಕ ಎಂದು ಮೊದಲೇ ತೀರ್ಮಾನಿಸಿ ಆಮೇಲೆ ಹುಡುಕುವ ಸಂಶೋಧನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದ ಹಿರಿಯರಿಗೆ ಕ್ವಿಂಟಾಲ್ ರಾಶಿ ಅಡಿಕೆಗೆ ಐವತ್ತು ಸಾವಿರ ಆಗುತ್ತದೆಂದು ಗೊತ್ತಿರಲಿಲ್ಲ, ಪಾಪ. ಆ ಅಡಿಕೆಯ ದೊಡ್ಡ ಗಿರಾಕಿ ಯಾರು ಎಂದು ಮಾತ್ರ ಮಂಡಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಬಾಯಿ ಬಿಡುವುದು ಎಂದಾಗ ನೆನಪಾಯಿತು. ನಮ್ಮ ತೋಟದಲ್ಲಿ ಅಡಿಕೆ ಗೊನೆ ಇಳಿಸುತ್ತಿದ್ದವನೊಬ್ಬನಿದ್ದ. ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದ ಮನುಷ್ಯ. ಆಸ್ಪತ್ರೆಯಲ್ಲಿ ಡಾಕ್ಟರು ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಟ್ಟುಕೋ ಎಂದರಂತೆ. ಹೋದದ್ದು ಒಂದೇ. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದುಕೊಂಡಿದೆ. ಈ ರೋಗಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಕ್ಯಾನ್ಸರಿಗಿಂತ ಒಂದು ಸ್ಟಾಪ್ ಹಿಂದೆ. ಈಗ ಗಂಜಿಯನ್ನೂ ಸೋಸಿಕೊಂಡು ಕುಡಿಯುತ್ತಾನೆ. ಕೊಯ್ಲಿನ ದಿನಗಳಲ್ಲಿ ಕೂಲಿಯ ಜೊತೆಗೆ ಅವನಿಗೆ ಪ್ಯಾಕೆಟ್ ತರಿಸಿ ಕೊಡುತ್ತಿದ್ದವನು ನಾನೇ. 2022 ಒಂದೇ ವರ್ಷದಲ್ಲಿ ಭಾರತದಲ್ಲಿ ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ 83,400 ಎಂದು ಅದೇ ಲಿಯಾನ್ ಸಂಸ್ಥೆಯ ಅಂದಾಜು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತು. ತೋಟಗಾರಿಕೆ ಇಲಾಖೆ ಮರ ನೋಡುತ್ತದೆ, ಆರೋಗ್ಯ ಇಲಾಖೆ ಪೋಸ್ಟರ್ ಅಂಟಿಸುತ್ತದೆ, ತೆರಿಗೆಯವರು ಯಂತ್ರ ಎಣಿಸುತ್ತಾರೆ, ನಾನು ರೇಟು ಕೇಳುತ್ತೇನೆ. ಅವನ ಬಾಯಿ ಯಾವ ಇಲಾಖೆಗೆ ಬರುತ್ತದೆ ಸ್ವಾಮಿ? ಇದನ್ನು ಕೇಳಿ ಕೇಳಿ ಸಾಕಾಗಿದೆ.

ಹಾಂ, ನನ್ನ ಚಿಲ್ಲರೆ. ಹುಡುಗ ಹೋದ ಮೇಲೆ ಅಂಗಡಿಯವರು ಡಬ್ಬ ಕೆದಕಿ, “ಎರಡು ರೂಪಾಯಿ ಇಲ್ಲ ಸರ್, ಏಲಕ್ಕಿ ಕೊಡ್ಲಾ?” ಎಂದರು. ಏಲಕ್ಕಿ ಪ್ಯಾಕೆಟ್ಟಿಗೂ ಆ ಪಾನ್ ಮಸಾಲಾದ್ದೇ ಹೆಸರು, ಅದೇ ಬಣ್ಣ. ಅಂಗಡಿಯ ನೆತ್ತಿಯ ಬೋರ್ಡಿನಲ್ಲಿ ಅದೇ ಏಲಕ್ಕಿಯನ್ನು ಎರಡು ಬೆರಳಲ್ಲಿ ಹಿಡಿದ ಸಿನಿಮಾ ಹೀರೊ ನಗುತ್ತಿದ್ದ. ಅವನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದೆ. ಮೂರು ಬೆರಳು ಸಲೀಸಾಗಿ ಹೋಗುತ್ತಿತ್ತು.